ಒಂದು ಮನೆ ತಪ್ಪಿದ ಹುಕ್ಕು

ಮಹಾನಂದಾ ಮೊದಲ ಸಲ ಸೋಮವ್ವನ ಮನೆಗೆ ಬಂದದ್ದು ಒಂದು ಮಂಗಳವಾರ. ಹೊತ್ತು ಏರಿ ಹನ್ನೊಂದಾಗಿರಬೇಕು. ಸೋಮವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಬಂದವಳಿಗೆ ಮೂವತ್ತರೊಳಗಿನ ವಯಸ್ಸು. ಕೊರಳಲ್ಲಿ ತಾಳಿಯೂ ಅಳತೆಯ ಟೇಪೂ ಜೊತೆಜೊತೆಗೆ ಜೋತಾಡುತ್ತಿದ್ದವು. ಮಾತಾಡಿಸುವ ಮೊದಲೇ ಟೇಪು ತೆಗೆದು ಬಾಗಿಲಿನ ಅಗಲ ಅಳೆದಳು.

"ಯಾರವಾ ನೀ? ಬಾಗಲಾ ಯಾಕ ಅಳ್ಯಾಕ ಹತ್ತೀ? ಅದಕ್ಕೊಂದ ಕುಬಸಾ ಹೊಲಿತೀ ಏನ?"

"ನನ್ನ ಮಷಿನ್ ಒಳಗ ಹೊಕ್ಕತೈತೋ ಇಲ್ಲೋ ನೋಡಾಕ ಹತ್ತೇನಿ ಆಯಿ. ಹೊಕ್ಕತೈತಿ. ಈಗ ಕೇಳತೇನಿ. ನಿನ್ನ ಪಡಸಾಲಿ ನನಗ ಕೊಡ್ತೀಯೇನ?"

ರಾಮದುರ್ಗದ ನೇಕಾರರ ಓಣಿಯ ಮಗಳು, ಈ ಊರ ಸುಭಾಸನ ಹೆಂಡತಿ ಎಂದು ಆಮೇಲೆ ಗೊತ್ತಾಯಿತು. ಊರು ದೊಡವಾಡದಿಂದ ಆಚೆ ಮೂರು ಮೈಲಿ, ದಿನಕ್ಕೆ ನಾಲ್ಕು ಬಸ್ಸು. ಸೋಮವ್ವನ ಪಡಸಾಲೆ ಬಸ್ಸು ನಿಲ್ಲುವ ಕಡೆಗೇ ಮುಖ ಮಾಡಿತ್ತು.

"ನಿನ್ನ ಅತ್ತಿ ಏನಂತಾಳ?"

"ಗಿರಾಕಿ ಹೊಸ್ತಿಲಾ ದಾಟಿದ್ರ ಮನಿ ಮುರೀತೈತಿ ಅಂತಾಳ."

"ಅಂದ್ರ ನನ್ನ ಮನಿ ಮುರದ್ರ ನಡೀತೈತಿ!"

ಇಬ್ಬರೂ ನಕ್ಕರು. ನಗುತ್ತಲೇ ಮಹಾನಂದಾ ಸೋಮವ್ವನ ತೋಳನ್ನು ನೋಡಿ ಕೇಳಿದಳು, "ಈ ಕುಬಸಾ ಯಾರ ಹೊಲದಾರ ಆಯಿ? ಎಡಗೈ ಎತ್ತಾಕ ಬರವಲ್ದು ನಿನಗ."

ಗಂಡ ಸತ್ತು ಇಪ್ಪತ್ತೆರಡು ವರ್ಷ. ಎಡತೋಳು ಬಿಗಿಯುತ್ತದೆ ಎಂದು ಸೋಮವ್ವ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಪಡಸಾಲೆ ಕೊಟ್ಟಳು.

ಹೀಗೆ ಒಂಬತ್ತು ವರ್ಷ ಮಹಾನಂದಾ ಅಲ್ಲಿ ಕುಳಿತು ಹೊಲಿದಳು. ಮುಂಜಾನೆ ಎಂಟಕ್ಕೆ ಬರುವಳು, ಹೊತ್ತು ಮುಳುಗುವ ಮುನ್ನ ಮಷಿನ್ನಿಗೆ ಹಳೆಯ ಪಂಜೆ ಹೊದಿಸಿ ಗಂಡನ ಮನೆಗೆ ಹೋಗುವಳು. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದಳು, ಹಾಗಾಗಿ ನಕ್ಕರೆ ನಗು ಮೂಗಿನಿಂದ ಬರುತ್ತಿತ್ತು. ಸಂಗೊಳ್ಳಿಯಿಂದ, ದೊಡವಾಡದಿಂದ ಖಣದ ಕುಬಸ ಹೊಲಿಸಲು ಹೆಂಗಸರು ಬರುತ್ತಿದ್ದರು. ಅವಳ ಅಳತೆಯ ವಹಿಯಲ್ಲಿ ಯಾರ ಹೆಸರೂ ಇರಲಿಲ್ಲ. "ಬಲಭುಜ ಇಳಿದಾಕಿ", "ಅತ್ತಿ ಕೂಡ ಬಂದಾಕಿ", "ಉಸರ ಹಿಡದು ಅಳತಿ ಕೊಟ್ಟಾಕಿ" ಎಂದೆಲ್ಲ ಬರೆದಿರುತ್ತಿತ್ತು. ಉಸಿರು ಹಿಡಿದವಳಿಗೆ ಕೇಳದೆಯೇ ಒಂದು ಇಂಚು ಹೆಚ್ಚು ಬಿಡುತ್ತಿದ್ದಳು.

ಕೌದಿ ಹೊಲಿದೇ ಮುದುಕಿಯಾದ ಸೋಮವ್ವನಿಗೆ ಕೈಹೊಲಿಗೆಯ ಕೆಲಸ ಬಂತು. ಕುಬಸದ ಒಂದು ಅಂಚಿಗೆ ಹುಕ್ಕು ಕೂಡಿಸುವುದು, ಎದುರಿನ ಅಂಚಿಗೆ ಹುಕ್ಕು ಸಿಕ್ಕಿಸುವ ದಾರದ ಮನೆ ಕಟ್ಟುವುದು. ಒಂದು ಕುಬಸಕ್ಕೆ ಆರು ಹುಕ್ಕು, ಆರು ಮನೆ. ಮಹಾನಂದಾ ಸಿದ್ಧವಾದ ಕುಬಸವನ್ನು ಗಿರಾಕಿಗೆ ತೊಡಿಸಿ ನೋಡದೆ ಕಳಿಸುತ್ತಿರಲಿಲ್ಲ. ಹುಕ್ಕು ಹಾಕುವುದನ್ನೂ ಕಲಿಸುತ್ತಿದ್ದಳು. "ತಳದಿಂದ ಹಾಕ್ಕೋತ ಬಾ ಅಕ್ಕಾ. ಮ್ಯಾಲಿಂದ ಹಾಕಿದ್ರ ಒಂದ ಮನಿ ತಪ್ಪತೈತಿ, ಕಡೀಕ ಒಂದ ಹುಕ್ಕ ಅನಾಥ ಉಳೀತೈತಿ." ತನ್ನ ಕುಬಸಕ್ಕೂ ತಳದಿಂದಲೇ ಹಾಕುತ್ತಿದ್ದಳು, ನೋಡದೆ, ಮಾತಾಡುತ್ತ.

ಅಕ್ಷರ ಕಲಿಸಿದ್ದೂ ಅವಳೇ. ರೇಷನ್ ತರಲು ಹೋದ ಸೋಮವ್ವ ಹೆಬ್ಬೆರಳಿನ ಮಸಿ ಒರೆಸಿಕೊಳ್ಳುತ್ತ ಬಂದ ದಿನ ಮಹಾನಂದಾ ಕೇಳಿದಳು.

"ಆಯಿ, ಹೆಬ್ಬಟ್ಟ ಯಾಕ ಒತ್ತತೀ?"

"ಸಾಲಿಗೆ ಹೋದಾಕೇನ ನಾ?"

"ಸೂಜಿ ಹಿಡ್ಯಾಕ ಯಾವ ಸಾಲಿಗೆ ಹೋಗಿದ್ದಿ?"

ಚಿಂದಿ ಬಟ್ಟೆಯ ಮೇಲೆ ಗುರುತು ಹಾಕುವ ಖಡುವಿನಿಂದ ಒಂದು ಅಕ್ಷರ ಬರೆದುಕೊಡುವಳು. ಸೋಮವ್ವ ಅದರ ಮೇಲೆ ಬಿಳಿ ದಾರದಲ್ಲಿ ಹೊಲಿಯಬೇಕು. 'ಅ' ಮುಗಿಯಲು ಮೂರು ದಿನ ಬೇಕಾಯಿತು. 'ಳ' ಎರಡು ಸಲ ಬಿಚ್ಚಿ ಹೊಲಿದದ್ದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಷರಗಳೆಲ್ಲ ಬಂದವು, ಒತ್ತಕ್ಷರ ಅರ್ಧ ಬಂದವು. ಓದುವುದು ಸೂಜಿಯ ವೇಗದಲ್ಲೇ. ಬಸ್ಸಿನ ಬೋರ್ಡಿನಲ್ಲಿ 'ಸವದತ್ತಿ' ಓದಿ ಮುಗಿಸುವಷ್ಟರಲ್ಲಿ ಬಸ್ಸು ಊರು ದಾಟಿರುತ್ತಿತ್ತು. ಸೋಮವ್ವ ಮೊದಲ ಸಹಿ ಮಾಡಿ ಬಂದಾಗ ಮಹಾನಂದಾ ಅವಳ ಬಾಯಿಗೆ ಪೇಢೆ ಇಟ್ಟು ಹೇಳಿದಳು: "ಇನ್ನ ಓದದ ಎಲ್ಲೂ ಸಹಿ ಮಾಡಬ್ಯಾಡ ಆಯಿ. ಒಂದ ದಿನಾ ಹಿಡದ್ರ ಹಿಡೀಲಿ. ಕಾಯಲಿ ಅವರು."

ಹಾಗೆ ಹೇಳಲು ಅವಳಿಗೆ ಕಾರಣವಿತ್ತು. ಸುಭಾಸ ಮುನವಳ್ಳಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಇಲ್ಲಿ ಮಕ್ಕಳಾಗಿರಲಿಲ್ಲ. ಸೋಡಚೀಟಿಗೆ, ಗಂಡನನ್ನು ಬಿಟ್ಟೆನೆಂಬ ಕಾಗದಕ್ಕೆ, ಸಹಿ ಹಾಕಿ ತವರಿಗೆ ಹೋಗು ಎಂದು ಗಂಡನ ಮನೆಯವರು ಎರಡು ವರ್ಷದಿಂದ ಬೆನ್ನು ಹತ್ತಿದ್ದರು. ಮಹಾನಂದಾ ಜಗಳವಾಡಲಿಲ್ಲ. "ಕಾಗದಾ ನನ್ನ ಕೈಯಾಗ ಕೊಡ್ರಿ, ನಮ್ಮಣ್ಣಗ ತೋರಿಸಿ, ಓದಿ ಸಹಿ ಮಾಡತೇನಿ" ಎನ್ನುತ್ತಿದ್ದಳು. ಕಾಗದವನ್ನು ಅವರು ಒಮ್ಮೆಯೂ ಕೈಗೆ ಕೊಡಲಿಲ್ಲ.

ಈ ಮಾತುಕತೆಯ ನಡುವೆ ಇದ್ದವರು ವೀರಪ್ಪ ಮಾಸ್ತರು. ಸುಭಾಸನ ಸೋದರಮಾವ, ನಿವೃತ್ತ ಹೆಡ್‌ಮಾಸ್ತರು. ನಲವತ್ತು ವರ್ಷದಿಂದ ಊರಿನ ಅರ್ಜಿಗಳೆಲ್ಲ ಅವರ ಕೈಯಿಂದಲೇ ಹೋಗಬೇಕು. ಸೋಮವ್ವನ ಗಂಡನ ಗೆಳೆಯರು, ಅವಳನ್ನು ಅತ್ತಿಗೆಯೆಂದು ಭಾವಿಸಿ 'ವೈನಿ' ಎಂದೇ ಕರೆಯುವವರು. ಗಂಡ ಸತ್ತ ವರ್ಷ ಮನೆಗೆ ಬಂದ ಒಂದೊಂದು ಕಾಗದವನ್ನೂ ಇದೇ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದ್ದರು, ಒಂದು ಕಪ್ಪು ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಸುಭಾಸನ ಮಾವ ಎಂಬುದು ಸೋಮವ್ವನಿಗೆ ಗೊತ್ತಿತ್ತು. ಆದರೂ ಮಾಸ್ತರು ಮಾಸ್ತರೇ ಎಂದು ನಂಬಿದ್ದಳು.

ಕಳೆದ ವರ್ಷ ಜೋಳ ತೆನೆ ಹಿಡಿದ ಹೊತ್ತು. ಸೋಮವಾರ ಸಂಜೆ ಹೋದ ಮಹಾನಂದಾ ಮಂಗಳವಾರ ಕೆಲಸಕ್ಕೆ ಬರಲಿಲ್ಲ. ಬುಧವಾರ ಮುಂಜಾನೆ ಸುಭಾಸನ ಹೊಲದ ಹಾಳುಬಾವಿಯಲ್ಲಿ ಅವಳ ಹೆಣ ಸಿಕ್ಕಿತು.

ಪೊಲೀಸರು ಬಂದರು. ಹೆಣ್ಣುಮಗಳ ಹೆಣ ನೋಡಿ ಹೇಳಲು ಹೆಂಗಸರೇ ಪಂಚರಾಗಬೇಕಂತೆ. ಮಾಸ್ತರು ಸೋಮವ್ವನ ಹೆಸರು ಹೇಳಿದರು. "ಊರಾಗ ಅಕಿಯಷ್ಟ ನೇಮದಾಕಿ ಮತ್ತೊಬ್ಬಾಕಿ ಇಲ್ರಿ" ಎಂದರು. ಬಾಜೂ ಮನೆಯ ಇಂದ್ರವ್ವ ಚಾದರ ಎತ್ತಿ ಮರೆ ಹಿಡಿದಳು. ಸೋಮವ್ವ ಅಳುವುದಕ್ಕೆ ಆಮೇಲೆ ಹೊತ್ತಿದೆ ಎಂದುಕೊಂಡು, ಕುಬಸ ಪರೀಕ್ಷಿಸುವಂತೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎದ್ದು ನಿಂತು ಸಾಹೇಬರಿಗೆ ಮೂರು ಮಾತು ಹೇಳಿದಳು.

"ಎರಡೂ ಮಣಿಕಟ್ಟಿಗೆ ಸುತ್ತಾ ನೀಲಿಗಟ್ಟೇತ್ರಿ, ಪರಕಾರದ ಲಾಡಿ ಎಷ್ಟ ಅಗಲ ಇರತೈತಿ ಅಷ್ಟ ಅಗಲ. ಎಡಗೈಯಾಗ ಮೂರ ಬಳಿ ಅದಾವು, ಬಲಗೈಯಾಗ ಒಂದೂ ಇಲ್ಲ. ಮತ್ತ ಕುಬಸದ ಹುಕ್ಕು ಒಂದ ಮನಿ ತಪ್ಪಿ ಹಾಕೇತ್ರಿ. ತಳದ ಹುಕ್ಕ ಖಾಲಿ ಐತಿ. ಆ ಹುಕ್ಕು ಕೂಡಿಸಿದಾಕಿ ನಾನ. ಅಕಿ ಹಂಗ ಹಾಕ್ಕೊಳ್ಳಾಕಿ ಅಲ್ರಿ. ಬ್ಯಾರೆ ಯಾರೋ ಹಾಕ್ಯಾರ."

ಬರೆಯುವವನು ಬರೆದುಕೊಂಡ. ಮಾಸ್ತರು ಆ ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ, ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಓದಿದರು. ಮಣಿಕಟ್ಟಿನ ನೀಲಿ, ಬಲಗೈಯಲ್ಲಿ ಬಳೆ ಇಲ್ಲದ್ದು, ಒಂದು ಮನೆ ತಪ್ಪಿದ ಹುಕ್ಕು. ಸೋಮವ್ವ ಹೇಳಿದ್ದಷ್ಟೂ ಬಂತು. ಪೆನ್ನು ಕೈಗೆ ಬಂದಾಗ ಮಹಾನಂದಾ ಹೇಳಿದ ಮಾತು ನೆನಪಾಗದೆ ಇರಲಿಲ್ಲ. ಆದರೆ ಇಷ್ಟು ಬರೆದದ್ದನ್ನು ತಾನು ಓದಲು ಕುಳಿತರೆ ಎರಡು ದಿನ ಬೇಕು. ಹೆಣ ಬಿಸಿಲಲ್ಲಿತ್ತು, ನೊಣ ಮುತ್ತುತ್ತಿದ್ದವು. ಓದಿದವರು ಮಾಸ್ತರು. 'ಸೋಮವ್ವ' ಎಂದು ಬರೆದುಕೊಟ್ಟಳು.

ಕೊಯ್ದು ನೋಡಿದವರು ನೀರು ಕುಡಿದು ಸತ್ತಿದ್ದಾಳೆ ಎಂದು ಬರೆದರಂತೆ. ಹೆಣ ಮಧ್ಯಾಹ್ನ ಊರಿಗೆ ಬಂತು. ಲಿಂಗಾಯತರ ಮನೆಯ ಹೆಣ. ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುವುದು ತಲೆತಲಾಂತರದ ಪದ್ಧತಿ. ರಾಮದುರ್ಗದಿಂದ ಅಣ್ಣ ಶಂಕರೆಪ್ಪ ಬಂದು ಮುಟ್ಟುವ ಮೊದಲೇ ಗಂಡನ ಮನೆಯವರು ಹೊಲದಲ್ಲಿ ಕಟ್ಟಿಗೆ ಒಟ್ಟಿ ಅವಳನ್ನು ಸುಟ್ಟುಬಿಟ್ಟರು. ಬಾವಿಗೆ ಬಿದ್ದು ಸತ್ತವಳಿಗೆ ಮಣ್ಣು ಕೊಟ್ಟರೆ ಮನೆತನಕ್ಕೆ ಕೇಡು ಎಂದು ಯಾರೋ ಹೇಳಿದರಂತೆ. ಯಾರು ಎಂದರೆ ಯಾರ ಬಾಯಲ್ಲೂ ಹೆಸರಿಲ್ಲ.

ಊರಿಗೆ ಸಂಶಯ ಹತ್ತಿದ್ದು ಅಲ್ಲಿಂದ. ಹಿಟ್ಟಿನ ಗಿರಣಿಯಲ್ಲಿ ಸರದಿ ನಿಂತ ಹೆಂಗಸರಿಗೆ ಬೇರೆ ಮಾತೇ ಇರಲಿಲ್ಲ.

"ನಮ್ಮ ಮಂದ್ಯಾಗ ಯಾರನ್ನರ ಸುಟ್ಟಿದ್ದ ಕೇಳೀರೇನ?" ಎಂದಳು ಒಬ್ಬಳು.

"ಮಣ್ಣಾಗಿಟ್ಟಿದ್ರ ನಾಳೆ ತಗದ ನೋಡಾಕ ಬರತಿತ್ತು. ಬೂದಿ ಏನ ಮಾತಾಡತೈತಿ?" ಎಂದಳು ಇಂದ್ರವ್ವ.

"ನೀರ ಕುಡದ ಸತ್ತಾಳಂತ."

"ಕೈಕಟ್ಟಿ ಒಗದ್ರೂ ನೀರ ಕುಡದ ಸಾಯತಾರ. ನೀರಿಗೇನ ಗೊತ್ತು, ತಾನ ಬಿದ್ದಾಳೋ ಯಾರರ ಕೆಡವ್ಯಾರೋ?"

ಸೋಮವ್ವ ಆ ಮಾತುಗಳಿಗೆ ತಲೆ ಹಾಕಲಿಲ್ಲ. ತಾನು ಕಂಡದ್ದು ಕಾಗದದಲ್ಲಿದೆ, ಕಾಗದ ಸರ್ಕಾರದ ಕೈಯಲ್ಲಿದೆ, ಇಂದಲ್ಲ ನಾಳೆ ಕೇಳುತ್ತಾರೆ ಎಂದು ದಿನ ಎಣಿಸುತ್ತಿದ್ದಳು. ಮೂರು ತಿಂಗಳು ಕಳೆಯಿತು. ಆತ್ಮಹತ್ಯೆ ಎಂದು ಬರೆದು ಪ್ರಕರಣ ಮುಗಿಸಿದರು.

ಒಂದು ಮಧ್ಯಾಹ್ನ ಶಂಕರೆಪ್ಪ ಬಂದ. ಮಗ್ಗ ಬಿಟ್ಟು ನಾಲ್ಕು ಸಲ ಅಲೆದು ಪಂಚನಾಮೆಯ ನಕಲು ತಂದಿದ್ದ. ಕಟ್ಟೆ ಹತ್ತಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ.

"ನಮ್ಮ ತಂಗಿ ನಿನ್ನ ಆಯಿ ಆಯಿ ಅಂತ ಬಡಕೊಳ್ಳತಿದ್ಲು. ನೀನೂ ಬರಕೊಟ್ಟೆಲ್ಲ."

"ನಾ ಕಂಡದ್ದ ಬರಕೊಟ್ಟೇನಿ ತಮ್ಮಾ."

"ಓದ ಹಂಗಾರ! ಅಕಿ ನಿನಗ ಕಲಿಸಿದ್ಲಂತಲ್ಲ, ಓದು!" ಹಾಳೆಯನ್ನು ಅವಳ ಮುಂದಿನ ಮೊರದಲ್ಲಿ ಒಗೆದು ಹೋದ.

ಸೋಮವ್ವ ಬಾಗಿಲು ಹಾಕಿಕೊಂಡು, ಹೊದಿಸಿಟ್ಟ ಮಷಿನ್ನಿನ ಬಾಜೂಕ್ಕೆ ಕುಳಿತು, ಕೈಯಲ್ಲಿ ಸೂಜಿ ಹಿಡಿದು ಓದತೊಡಗಿದಳು. ಒಂದೊಂದು ಅಕ್ಷರದ ಮೇಲೆ ಸೂಜಿಯ ಮೊನೆ ಆಡಿಸಿದರೆ ಮಾತ್ರ ಅವಳಿಗೆ ಅಕ್ಷರ ಸಿಗುತ್ತಿತ್ತು. ಮೊದಲ ದಿನ ತಾರೀಖು, ಊರು, ಹೆಸರುಗಳು ಮುಗಿದವು. ಎರಡನೆಯ ದಿನ ಒಂದು ಸಾಲು ಬಂತು: ಮೃತಳ ಮೈಮೇಲೆ ಯಾವುದೇ ಗಾಯದ ಗುರುತು ಕಂಡುಬಂದಿರುವುದಿಲ್ಲ. ತಾನು ತಪ್ಪು ಓದಿದೆನೆಂದು ಮತ್ತೆ ಮೊದಲಿನಿಂದ ಸೂಜಿ ಆಡಿಸಿದಳು. ಅದೇ ಬಂತು. ಮೂರನೆಯ ದಿನ: ಧರಿಸಿದ ಬಟ್ಟೆಗಳು ಸರಿಯಾಗಿ ಇರುತ್ತವೆ. ಸೋಮವಾರ ಸಂಜೆಯ ನಂತರ ಮೃತಳನ್ನು ಊರಲ್ಲಿ ಯಾರೂ ಕಂಡಿರುವುದಿಲ್ಲ. ನಾಲ್ಕನೆಯ ದಿನ ಒಂದು ಶಬ್ದಕ್ಕೆ ಬಂದು ಸೂಜಿ ನಿಂತಿತು. ಹಾಳೆ ಹಿಡಿದು ಇಂದ್ರವ್ವನ ಮನೆಗೆ ಹೋದಳು. ಕಾಲೇಜಿಗೆ ಹೋಗುವ ಇಂದ್ರವ್ವನ ಮೊಮ್ಮಗಳು ಓದಿದಳು.

"ಜಿಗುಪ್ಸೆ ಅಂತ ಆಯಿ. ಜೀವನದಲ್ಲಿ ಜಿಗುಪ್ಸೆಗೊಂಡು ತಾನಾಗಿಯೇ ಬಾವಿಗೆ ಬಿದ್ದಿರುತ್ತಾಳೆಂದು ಪಂಚರಾದ ನಮ್ಮ ಅಭಿಪ್ರಾಯ."

"ಅಂದ್ರೇನ?"

"ಬದುಕೂದ ಬ್ಯಾಸರಾಗಿ ಸತ್ಲು ಅಂತ. ಹಂಗಂತ ನೀವ ಹೇಳೀರಿ ಅಂತ ಬರದಾರ."

ಮಣಿಕಟ್ಟು ಇರಲಿಲ್ಲ. ಬಳೆ ಇರಲಿಲ್ಲ. ಹುಕ್ಕು ಇರಲಿಲ್ಲ. ಎಲ್ಲದರ ತಳಕ್ಕೆ 'ಸೋಮವ್ವ' ಎಂದು ಮಾತ್ರ ಇತ್ತು, ವಕಾರದ ಒತ್ತು ತುಸು ಬಲಕ್ಕೆ ವಾಲಿಕೊಂಡು. ಅದು ಅವಳದೇ ಕೈ.

ಇಂದ್ರವ್ವ ಬೈಯಲು ಬಾಯಿ ತೆಗೆದಳು. ಸೋಮವ್ವ ಕೈಯೆತ್ತಿ ತಡೆದು ನೆಟ್ಟಗೆ ಮಾಸ್ತರ ಮನೆಗೆ ನಡೆದಳು. ಮಾಸ್ತರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು.

"ಬರ್ರಿ ವೈನಿ, ಕುಂದರ್ರಿ. ಚಹಾ ಮಾಡಸ್ಲೇನ?"

"ಅವತ್ತ ನೀವ ಏನ ಓದಿದ್ರಿ ಮಾಸ್ತರ?"

ಅವಳ ಕೈಯಲ್ಲಿದ್ದ ಹಾಳೆ ನೋಡಿ ಮಾಸ್ತರು ಪೇಪರು ಮಡಿಚಿದರು. "ನೀವ ಏನ ಹೇಳಿದ್ರಿ ಅದನ್ನ ಓದಿದೆ. ಅದರಾಗ ಒಂದ ಅಕ್ಷರಾ ಸುಳ್ಳ ಇತ್ತೇನ?"

"ಕಾಗದದಾಗ ಇಲ್ಲದ್ದನ್ನ ಓದಿದ್ರಲ್ಲ."

"ನಿಮಗ ಓದಾಕ ಬರತೈತಿ ಅಂತ ಯಾರಿಗ ಗೊತ್ತಿತ್ತು ವೈನಿ?" ಅವರು ನಕ್ಕರು. ಗಂಡ ಸತ್ತ ವರ್ಷ ಕಾಗದ ಓದಿ ಹೇಳುತ್ತಿದ್ದಾಗ ನಗುತ್ತಿದ್ದ ಅದೇ ಮೆತ್ತನೆಯ ನಗು. "ಎರಡ ಮನಿ ಮಾನಾ ಉಳೀತು. ಸತ್ತಾಕಿಗೆ ಏನ ಫರಕ ಬೀಳತೈತಿ? ಮತ್ತ ಇದನ್ನ ಕೆದಕಬ್ಯಾಡ್ರಿ. ಸರಕಾರಿ ಕಾಗದಕ್ಕ ಸಹಿ ಮಾಡಿ ಅಲ್ಲ ಅಂದ್ರ ಜೇಲಿಗೆ ಹಾಕತಾರ. ಈ ವಯಸ್ಸಿನಾಗ ನಿಮಗ ಯಾಕ ಬೇಕು?"

ಗಂಡನ ಸಾವಿನ ಕಾಗದಗಳನ್ನು ಇವರು ಏನೆಂದು ಓದಿದ್ದರೋ ಎಂಬ ಸಂಶಯ ಸೋಮವ್ವನಿಗೆ ಆಗ ಬಂತು. ಮೂವತ್ತೊಂದು ವರ್ಷ ಹಿಂದಕ್ಕೆ ಹೋಗಿ ಒಂದೊಂದು ಕಾಗದ ನೆನೆದಳು. ಯಾವುದನ್ನೂ ಈಗ ನಂಬಲು ಬರುತ್ತಿರಲಿಲ್ಲ. ಚಹಾ ಕುಡಿಯದೆ ಬಂದಳು.

ಆಮೇಲೆ ಇಂದ್ರವ್ವ ಗಿರಣಿಯ ಹೆಂಗಸರನ್ನೆಲ್ಲ ಕೂಡಿಸಿದಳು. ಮಹಾನಂದಾ ಕುಬಸ ಹೊಲಿದುಕೊಟ್ಟವರು ಮೂರು ಊರುಗಳಿಂದ ಬಂದು ಅರ್ಜಿಗೆ ಸಹಿ ಮಾಡಿದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಮತ್ತೊಮ್ಮೆ ವಿಚಾರಣೆ ಆಗಲಿ ಎಂಬುದು ಅರ್ಜಿ. ಸೋಮವ್ವ ಅದನ್ನು ತನ್ನ ಮನೆಯಲ್ಲಿ ಎರಡು ದಿನ ಇಟ್ಟುಕೊಂಡು, ಓದಿ ಮುಗಿಸಿ, ಎಲ್ಲರಿಗಿಂತ ಕಡೆಗೆ ಸಹಿ ಮಾಡಿದಳು.

ಮೇಲಿನವರು ಒಪ್ಪಿದರು. ಹೇಳಿಕೆ ಕೊಡಲು ಬೈಲಹೊಂಗಲಕ್ಕೆ ಬರಬೇಕೆಂದು ಕರೆ ಬಂತು. ಬಸ್ಸಿನಲ್ಲಿ ಇಂದ್ರವ್ವ ದಾರಿಯುದ್ದಕ್ಕೂ ಹೇಳಿಕೊಡುತ್ತಿದ್ದಳು, "ಅಂಜಬ್ಯಾಡ. ಜೇಲಿಗೆ ಹಾಕಿದ್ರ ಅಲ್ಲೂ ಹುಕ್ಕ ಕೂಡಸೂ ಕೆಲಸಾ ಕೊಡತಾರ." ಸೋಮವ್ವ ನಗಲಿಲ್ಲ. ಕಾಗದದ ತಳದ ಸಹಿ ತನ್ನದು. ಅದನ್ನು ಸುಳ್ಳು ಎಂದು ಹೇಳಬಲ್ಲವಳೂ ತಾನೊಬ್ಬಳೇ. ಹೇಳದಿದ್ದರೆ ಮಹಾನಂದಾ ಬದುಕಿಗೆ ಬೇಸತ್ತವಳಾಗಿಯೇ ಉಳಿದುಬಿಡುತ್ತಾಳೆ. ಹೇಳಬೇಕಾದ್ದು ಪಂಚನಾಮೆಯ ಮೂರು ಮಾತು ಮಾತ್ರವಾಗಿದ್ದರೆ ಅಂಜಿಕೆ ಇರಲಿಲ್ಲ. ಇನ್ನೂ ಒಂದು ಮಾತಿತ್ತು. ಅದನ್ನು ಅವಳು ಇಂದ್ರವ್ವನಿಗೂ ಹೇಳಿರಲಿಲ್ಲ.

ವಿಚಾರಣೆಗೆ ಕುಳಿತ ಅಧಿಕಾರಿ ಹೆಣ್ಣುಮಗಳು. ಒಂದು ಬದಿಗೆ ಶಂಕರೆಪ್ಪ, ಇನ್ನೊಂದು ಬದಿಗೆ ಸುಭಾಸ, ಅವನ ಮಗ್ಗುಲಲ್ಲಿ ಇಸ್ತ್ರಿ ಮಾಡಿದ ಧೋತರ ಉಟ್ಟ ಮಾಸ್ತರು. ಸೋಮವ್ವ ನಿಂತೇ ಮೂರು ಮಾತು ಹೇಳಿದಳು. ಹುಕ್ಕಿನ ಮಾತು ಅಧಿಕಾರಿಗೆ ತಿಳಿಯಲೆಂದು ಒಂದು ಹಳೆಯ ಕುಬಸ ತಂದಿದ್ದಳು. ಅದನ್ನು ಮೇಜಿನ ಮೇಲೆ ಹಾಸಿ, ಹುಕ್ಕು ಮನೆ ತಪ್ಪಿದರೆ ತಳದ್ದು ಹೇಗೆ ಖಾಲಿ ಉಳಿಯುತ್ತದೆಂದು ತೋರಿಸಿದಳು. ಅಧಿಕಾರಿ ಎದ್ದು ಬಂದು ನೋಡಿದಳು.

"ಆದರೆ ಅಜ್ಜಿ, ಪಂಚನಾಮೆಯ ಸಹಿ ನಿಮ್ಮದೇ ಅಲ್ಲವೇ?"

"ನಂದರೀ. ಓದದ ಮಾಡೇನಿ. ಮಾಸ್ತರ ಬ್ಯಾರೆ ಓದಿದ್ರು, ಕಾಗದದಾಗ ಬ್ಯಾರೆ ಇತ್ತು. ತಪ್ಪ ನಂದೂ ಐತಿ, ಬರಕೋರಿ."

ಮಾಸ್ತರು ಗಂಟಲು ಸರಿಮಾಡಿಕೊಂಡರು. "ವಯಸ್ಸಾಗೇತ್ರಿ ಮೇಡಂ. ಅರಳು ಮರಳು."

ಅಧಿಕಾರಿ ಅವರತ್ತ ನೋಡಲಿಲ್ಲ. "ಸೋಮವಾರ ಸಂಜೆ ಮಹಾನಂದಾ ನಿಮ್ಮ ಮನೆಯಿಂದ ಹೋಗುವಾಗ ಏನಾದರೂ ಹೇಳಿದಳೇ? ಬೇಸರದ ಮಾತು, ಸಾಯುವ ಮಾತು?"

ಇದೇ ಆ ಮಾತು. ಬಾವಿಯ ದಂಡೆಯಲ್ಲಿ ಮಾಸ್ತರು 'ಸೋಮವಾರದಿಂದ ನಾವ್ಯಾರೂ ಅಕಿನ್ನ ಕಂಡಿಲ್ಲ' ಎಂದಾಗ ಸೋಮವ್ವ ಅದನ್ನೂ ನಂಬಿದ್ದಳು. ತಾನು ಒಲ್ಲೆ ಎಂದದ್ದಕ್ಕೆ ಮಹಾನಂದಾ ಹೋಗುವುದನ್ನೇ ಬಿಟ್ಟಿರಬೇಕು, ಒಬ್ಬಳೇ ಹೊಲದ ದಾರಿ ಹಿಡಿದು ಯಾರ ಕೈಗೋ ಸಿಕ್ಕಿರಬೇಕು ಎಂದು ಒಳಗೊಳಗೇ ಕೊರಗಿದ್ದಳು. ನಾಲ್ಕು ದಿನ ಸೂಜಿ ಹಿಡಿದು ಓದಿದ ಮೇಲೆ ಮಾಸ್ತರ ಮಾತಿನ ಬೆಲೆ ಎಷ್ಟೆಂದು ತಿಳಿಯಿತು. ಆದರೂ ನಾಚಿಕೆ ಬಾಯಿ ಕಟ್ಟಿತ್ತು.

"ನಂದ ಮೊದಲ ಹೇಳತೇನ್ರಿ," ಎಂದಳು. "ಅಕಿ ಕೇಳಿದ್ಲು, ನಾ ಒಲ್ಲೆ ಅಂದೆ. ಮೊಣಕಾಲ ನೋಯಾಕ ಹತ್ಯಾವು ಅಂದೆ. ಮಾಸ್ತರ ಇರತಾರಲ್ಲ, ಅವರಿದ್ದಲ್ಲಿ ನಿನಗೇನ ಅಂಜಿಕಿ ಅಂದೆ. ಅಕಿ ಹೂಂ ಅಂದ ಹ್ವಾದ್ಲು."

"ಏನು ಕೇಳಿದಳು?"

ಮಾಸ್ತರು ಎದ್ದು ನಿಂತರು. ಅಧಿಕಾರಿ ಕುಳಿತುಕೊಳ್ಳಿ ಎಂದು ಕೈ ಮಾಡಿದಳು. ಶಂಕರೆಪ್ಪ ಅಷ್ಟು ದಿನಗಳಲ್ಲಿ ಮೊದಲ ಸಲ ಸೋಮವ್ವನ ಮುಖ ನೋಡಿದ. ಸೋಮವ್ವ ಯಾರ ಕಡೆಗೂ ನೋಡದೆ, ಮಷಿನ್ನಿಗೆ ಪಂಜೆ ಹೊದಿಸಿ ಹೊಸ್ತಿಲಲ್ಲಿ ಒಂದು ಕಾಲು ಹೊರಗಿಟ್ಟು ನಿಂತ ಮಹಾನಂದಾ ಕೇಳಿದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ಕೂಡಿಸದೆ ಹೇಳಿದಳು:

"ಆಯಿ, ನಾಳೆ ಮುಂಜಾನೆ ಹತ್ತಕ್ಕ ವೀರಪ್ಪ ಮಾಸ್ತರ ಮನಿಗೆ ಬಾ ಅಂತ ಹೇಳಿ ಕಳಿಸ್ಯಾರ. ಮನ್ಯಾನವರೂ ಬರತಾರಂತ. ಅಲ್ಲಿ ಹೆಣಮಕ್ಕಳು ಯಾರೂ ಇರೂದಿಲ್ಲ. ನೀ ಬಂದು ನನ್ನ ಬಾಜೂಕ ಸುಮ್ನ ಕುಂದರತೀಯೇನ?"